ಎಂಟು ವಾರದ ಹಿಸ್ಪ್ಯಾನಿಕ್

ಎಂಟು ವಾರಗಳ ಕಾಲ ನಾನು ಹಿಸ್ಪ್ಯಾನಿಕ್ ಆಗಿದ್ದೆ. ಹಿಸ್ಪ್ಯಾನಿಕ್ ಎಂದರೆ ಸ್ಪ್ಯಾನಿಷ್ ಮಾತಾಡುವ ನಾಡುಗಳ ಜನ. ಮೆಕ್ಸಿಕೊ, ಪೆರು, ಅರ್ಜೆಂಟೀನ, ಆ ಕಡೆಯವರು. ನಾನು ಬೆಳ್ತಂಗಡಿ ಕಡೆಯವನು. ಇದು ನನಗೂ ಚೆನ್ನಾಗಿಯೇ ಗೊತ್ತಿತ್ತು. ಆದರೆ ಕೋವಿಡ್‌ನ ಆ ಚಳಿಗಾಲದಲ್ಲಿ, ಮನೆಯಿಂದ ಐದು ಕಿಲೋಮೀಟರ್ ಆಚೆ ಕಾಲಿಡಬಾರದು ಎಂದು ಸರ್ಕಾರ ಅಪ್ಪಣೆ ಮಾಡಿದ್ದಾಗ, ಯಾರಾದರೂ ನಮ್ಮನ್ನು ಯಾವುದಾದರೂ ಗುಂಪಿಗೆ ಸೇರಿಸಿಕೊಂಡರೆ ಸಾಕು ಅನ್ನಿಸುತ್ತಿತ್ತು. ಎಸ್ಕಿಮೊ ಸಂಘದವರು ಕರೆದಿದ್ದರೂ ಹೋಗುತ್ತಿದ್ದೆನೇನೋ!

ನನ್ನ ಕೆಲಸ ಐರ್ಲೆಂಡಿನ ರಿಂಗಾಸ್ಕಿಡಿ ಎಂಬ ಊರಿನ ಒಂದು ಔಷಧ ಕಾರ್ಖಾನೆಯ ಪ್ರಯೋಗಾಲಯದಲ್ಲಿ. ಜಗತ್ತಿನ ಬಿಪಿ ಇಳಿಸುವ ಮಾತ್ರೆಗಳನ್ನು ದಿನವಿಡೀ ಪರೀಕ್ಷಿಸಿ, ಸಂಜೆ ನನ್ನ ಬಿಪಿ ಏರಿಸಿಕೊಂಡು ಕಾರ್ಕ್‌ನ ಮನೆಗೆ ಬರುತ್ತಿದ್ದೆ. ನಮ್ಮ ಡಾಕ್ಟರು ಫೋನಿನಲ್ಲೇ ಮಾತ್ರೆ ಬರೆದುಕೊಟ್ಟು, ಇದರ ಜೊತೆಗೆ ಮನಸ್ಸನ್ನು ಉಲ್ಲಾಸವಾಗಿಟ್ಟು ಹೃದಯ ಕಾಪಾಡುವ ಒಂದು ಕಾರ್ಯಕ್ರಮವೂ ಇದೆ, ಹೆಸರು ಕಳಿಸುತ್ತೇವೆ ಎಂದರು. ಕಳಿಸಿದ್ದು ಅಲ್ಲಿನ ರಿಸೆಪ್ಷನಿಸ್ಟ್. ಆಕೆ ನನ್ನ ಮುಖ ಕಂಡವಳಲ್ಲ. ಕಂಡದ್ದು ಲಾರೆನ್ಸ್ ಫೆರ್ನಾಂಡಿಸ್ ಎಂಬ ಹೆಸರು ಮಾತ್ರ. ಹಾಗಾಗಿ "ರಕ್ತದೊತ್ತಡವಿರುವ ಹಿಸ್ಪ್ಯಾನಿಕ್ ವಯಸ್ಕರಿಗಾಗಿ ಸಕಾರಾತ್ಮಕ ಮನೋವಿಜ್ಞಾನ" ಎಂಬ ಆನ್‌ಲೈನ್ ಗುಂಪಿಗೆ ನನ್ನನ್ನು ಸೇರಿಸಿಬಿಟ್ಟಳು.

ಈ ಫೆರ್ನಾಂಡಿಸ್ ಎಂಬುದು ನಾವು ಕೇಳಿ ಪಡೆದ ಹೆಸರಲ್ಲ ಸ್ವಾಮಿ. ಯಾವುದೋ ಕಾಲದಲ್ಲಿ ಯಾವನೋ ಪೋರ್ಚುಗೀಸ್ ಪಾದ್ರಿ ನಮ್ಮ ಹಿರಿಯರೊಬ್ಬರ ತಲೆಗೆ ನೀರು ಹೊಯ್ದು, ತನ್ನದೇ ಮನೆತನದ ಹೆಸರನ್ನು ಧಾರಾಳವಾಗಿ ದಾನ ಮಾಡಿ ಹೋಗಿರಬೇಕು. ಆ ಹೆಸರಿನಿಂದ ನಮ್ಮ ಹುಬ್ಬಿನ ಆಕಾರವಾಗಲಿ, ಮೀನುಸಾರಿನ ಹುಳಿಯಾಗಲಿ ಬದಲಾಗಲಿಲ್ಲ. ಆದರೆ ತಲೆಮಾರುಗಳು ಕಳೆದ ಮೇಲೆ, ಅದೇ ಹೆಸರಿನ ದೆಸೆಯಿಂದ ಒಬ್ಬ ಬೆಳ್ತಂಗಡಿಯವನು ಐರ್ಲೆಂಡಿನಲ್ಲಿ ಮೆಕ್ಸಿಕನ್ನರ ಸಾಲಿನಲ್ಲಿ ಕೂರುವಂತಾಯಿತು. ಇತಿಹಾಸಕ್ಕೆ ಮಾಡಲು ಬೇರೆ ಕೆಲಸವಿಲ್ಲ.

ನನ್ನ ಹೆಂಡತಿ ಜೆಸ್ಸಿ ಬೆಂಗಳೂರಿನಲ್ಲಿ ಬೆಳೆದವಳು, ನಮ್ಮ ಮನೆಯಲ್ಲಿ ಕೊಂಕಣಿಗಿಂತ ಕನ್ನಡದ ಸದ್ದೇ ಹೆಚ್ಚು. ಆ ಗುಂಪಿಗೆ ಸೇರಿಸಿದ್ದೇವೆ ಎಂದು ಬಂದ ಪತ್ರ ಓದಿ ಅವಳು ಸೋಫಾದ ಮೇಲೆ ಬಿದ್ದು ಬಿದ್ದು ನಕ್ಕಳು. "ರೀ, ನೀವು ಮೆಕ್ಸಿಕೊದವರು ಅಂತ ಮದುವೆ ಟೈಮಲ್ಲಿ ನಮ್ಮಪ್ಪಂಗೆ ಹೇಳ್ಲೇ ಇಲ್ವಲ್ಲ! ಈಗ್ಲೇ ಫೋನ್ ಮಾಡಿ ಹೇಳಿ, ತಪ್ಪಾಗಿದೆ ಅಂತ."

"ಹೇಳುವ ಮಾರಾಯ್ತಿ, ನಾಳೆ ಹೇಳುವ" ಎಂದೆ. ಮರುದಿನ ಅಂಚೆಯಲ್ಲಿ ಹೊಸ ಬಿಪಿ ಯಂತ್ರ ಬಂತು. ಮೂರನೆಯ ದಿನ ಮೊದಲ ಸಭೆ. ಪರದೆಯ ಮೇಲೆ ಒಂಬತ್ತು ಮುಖಗಳು ನನ್ನನ್ನು ನೋಡಿ "ಓಲಾ!" ಎಂದು ಸ್ಪ್ಯಾನಿಷಿನಲ್ಲಿ ನಮಸ್ಕಾರ ಹೇಳಿ ಕೈಬೀಸಿದವು. ಮಾಸ್ಕ್ ಇಲ್ಲದ ಒಂಬತ್ತು ಮುಖಗಳನ್ನು ಒಟ್ಟಿಗೆ ನೋಡಿ ಒಂದು ವರ್ಷವಾಗಿತ್ತು. ನಾನೂ ಓಲಾ ಎಂದುಬಿಟ್ಟೆ.

ನಡೆಸುತ್ತಿದ್ದವಳು ನೀವ್ ಎಂಬ ಹೆಸರಿನ ಐರಿಷ್ ಹುಡುಗಿ. ಮನಶ್ಶಾಸ್ತ್ರ ಓದಿದವಳು, ಮಾತೆತ್ತಿದರೆ ನಗು. ಅವಳು ಕೊಟ್ಟ ಮನೆಕೆಲಸ ಕೇಳಲು ಸುಲಭವಾಗಿತ್ತು: ದಿನಕ್ಕೆ ಮೂರು ಒಳ್ಳೆಯ ಸಂಗತಿಗಳನ್ನು ಬರೆಯಬೇಕು, ಬೆಳಿಗ್ಗೆ ಜೊತೆಗಾರರಿಗೆ ಫೋನ್ ಮಾಡಿ ಅವನ್ನು ಬಾಯಿಬಿಟ್ಟು ಹೇಳಬೇಕು. ನನ್ನ ಜೊತೆಗಾತಿ ಕೊನ್ಸುವೆಲೊ. ಮೆಕ್ಸಿಕೊದವರು, ಅರವತ್ತಮೂರು ವಯಸ್ಸು, ಕಿಲ್ಕೆನ್ನಿಯಲ್ಲಿ ಮಗಳ ಮನೆಯಲ್ಲಿ ವಾಸ. ನಾವಿಬ್ಬರೂ ಮಾತಾಡುತ್ತಿದ್ದದ್ದು ಇಂಗ್ಲಿಷಿನಲ್ಲಿ, ಅವರದು ಅವರ ಥರದ್ದು, ನನ್ನದು ನನ್ನ ಥರದ್ದು.

ಅವರ ಕಥೆ ಮೊದಲ ಫೋನಿನಲ್ಲೇ ಗೊತ್ತಾಯಿತು. ಎರಡೂ ಕಣ್ಣಿಗೆ ಪೊರೆ ಬಂದಿತ್ತು. ಲಾಕ್‌ಡೌನಿನಲ್ಲಿ ಮಗಳಿಗೆ ಹೆಣ್ಣುಮಗು ಹುಟ್ಟಿತ್ತು. ಅಳಿಯ ಐರಿಷ್. ಮಗುವಿನ ಮೂಗು ನಮ್ಮದೇ ಎಂದು ಅಳಿಯನ ಕಡೆಯವರು ಫೋನಿನಲ್ಲೇ ಹಕ್ಕು ಸಾಧಿಸಿಬಿಟ್ಟಿದ್ದರು. ಕೊನ್ಸುವೆಲೊಗೆ ವಾದ ಮಾಡೋಣವೆಂದರೆ ಮೂಗೇ ಕಾಣದು. "ದಿನವಿಡೀ ಎತ್ತಿಕೊಂಡಿರ್ತೀನಿ, ಸ್ನಾನ ಮಾಡಿಸ್ತೀನಿ. ಮುಖ ಮಾತ್ರ ಹೊಗೆ. ಬೆರಳಿಂದ ಮುಟ್ಟಿ ನೋಡಿದೆ, ಮೂಗು ಇದೆ, ಅಷ್ಟೇ ಗೊತ್ತಾಗೋದು" ಎಂದರು. ಆಸ್ಪತ್ರೆಯವರು ಪೊರೆ ತೆಗೆಯಲು ಎರಡು ಸಲ ದಿನ ಕೊಟ್ಟರೂ ಬಿಪಿ ಬಹಳ ಏರಿದೆ ಎಂದು ಎರಡು ಸಲವೂ ಮನೆಗೆ ಕಳಿಸಿದ್ದರು. ಮೂರನೆಯ ಸಲ ಕೊಟ್ಟ ದಿನ ಎಂಟು ವಾರಗಳ ಆಚೆಗಿತ್ತು. ಅಷ್ಟರೊಳಗೆ ಬಿಪಿ ಇಳಿಯಬೇಕು, ಇಲ್ಲವಾದರೆ ಮತ್ತೆ ಸಾಲಿನ ಕೊನೆಗೆ.

ನನ್ನದು ಇಳಿಯದಿದ್ದರೆ ಇನ್ನೊಂದು ಮಾತ್ರೆ, ಅಷ್ಟೇ. ಇವರದು ಇಳಿಯದಿದ್ದರೆ ಒಂದು ಮಗು ಮುಖವಿಲ್ಲದೆ ಬೆಳೆಯುತ್ತದೆ. ನಾನು ಬಹಳ ಗಂಭೀರವಾಗಿ ಮೂರು ಒಳ್ಳೆಯ ಸಂಗತಿಗಳನ್ನು ಬರೆಯಲು ಕುಳಿತೆ.

ಅಲ್ಲೇ ಎಡವಟ್ಟಾದದ್ದು. ನೀವೇ ಹೇಳಿ, ನಮ್ಮವರು ಯಾರಾದರೂ ಒಳ್ಳೆಯದನ್ನು ಬಾಯಿಬಿಟ್ಟು ಹೇಳಿದ್ದುಂಟೆ? ನಮ್ಮಮ್ಮನನ್ನು ಯಾರಾದರೂ "ಹೇಗಿದ್ದೀರಿ ಬಾಯಮ್ಮ?" ಎಂದರೆ "ಹೀಗೇ, ದೇವರು ಇಟ್ಟ ಹಾಗೆ" ಎಂದು ನರಳುವ ದನಿಯಲ್ಲಿ ಹೇಳಿ, ಒಳಗೆ ಹೋಗಿ ಎರಡು ಬಂಗುಡೆ ಮೀನು ಹೆಚ್ಚಿಗೆ ಹುರಿಯುತ್ತಿದ್ದಳು. ನಾನು ಪರೀಕ್ಷೆಯಲ್ಲಿ ಮೊದಲ ಬಾರಿಗೆ ಪಾಸಾದಾಗ ರೋಸರಿ ಜಪ ಮುಗಿಸಿ, ಪಾದ್ರಿಗೆ ಗೊತ್ತಾಗದ ಹಾಗೆ ಉಪ್ಪು ಮೆಣಸು ನಿವಾಳಿಸಿ ಒಲೆಗೆ ಹಾಕಿದ್ದಳು. ದೃಷ್ಟಿ ಎಂಬುದಕ್ಕೆ ಜಾತಿ ಧರ್ಮವಿಲ್ಲ. ಅಂಥ ಹೊಟ್ಟೆಯಲ್ಲಿ ಹುಟ್ಟಿದ ನಾನು "ಒಂದು: ನಮ್ಮ ಬಾಯ್ಲರ್ ಚೆನ್ನಾಗಿ ಕೆಲಸ ಮಾಡುತ್ತಿದೆ" ಎಂದು ಬರೆದೆ. ಸಂಜೆ ಬಾಯ್ಲರ್ ಕೆಟ್ಟಿತು. ಮರುದಿನ ಕಾರಿನ ಬಗ್ಗೆ ಬರೆದೆ, ಟೈರು ಪಂಕ್ಚರ್. ಮೂರನೆಯ ದಿನ ಹೆದರಿಕೊಂಡು "ಜೆಸ್ಸಿ ಈಚೆಗೆ ಸಿಡುಕುತ್ತಿಲ್ಲ" ಎಂದು ಬರೆದೆ. ಅವಳು ಅದನ್ನು ಓದಿದಳು. ಪೆನ್ನು ಕೆಳಗಿಟ್ಟು ಬಿಪಿ ನೋಡಿಕೊಂಡರೆ ಹಿಂದಿನ ವಾರಕ್ಕಿಂತ ಹತ್ತು ಹೆಚ್ಚು!

ಕಿಲ್ಕೆನ್ನಿಯಲ್ಲೂ ಇದೇ ಪಾಡು. ಕೊನ್ಸುವೆಲೊ ಅಳಿಯನನ್ನು ಒಳ್ಳೆಯವನೆಂದು ಗಟ್ಟಿಯಾಗಿ ಹೊಗಳಿದ ಎರಡನೇ ದಿನಕ್ಕೆ ಆತ ಎಲ್ಲಿಂದಲೋ ಒಂದು ಡ್ರಮ್ ತಂದು ಬಾರಿಸಲು ಶುರುಮಾಡಿದ್ದ. "ಲಾರೆನ್ಸ್, ನಮ್ಮೂರಲ್ಲಿ ಒಳ್ಳೇದನ್ನ ಹೇಳಬಾರದು. ಕಣ್ಣು ಬೀಳುತ್ತೆ. ಮಗೂಗೆ ಕೆಂಪು ದಾರ ಕಟ್ಟಿದೀನಿ, ಆದ್ರೂ ಭಯ" ಎಂದರು ಪಿಸುಮಾತಿನಲ್ಲಿ. ನನಗೆ ರೋಮಾಂಚನವಾಯಿತು. ನಮ್ಮಲ್ಲಿ ಕಪ್ಪು ದಾರ ಎಂದೆ. ಅವರಲ್ಲಿ ದೃಷ್ಟಿ ತೆಗೆಯಲು ಕೋಳಿಮೊಟ್ಟೆ ನಿವಾಳಿಸುತ್ತಾರಂತೆ. ಮೊಟ್ಟೆಯೋ ಮೆಣಸೋ ಎಂದು ಅರ್ಧ ಗಂಟೆ ಚರ್ಚೆ ನಡೆಯಿತು. ಒಳ್ಳೆಯ ಸಂಗತಿ ಒಂದನ್ನೂ ಹೇಳಲಿಲ್ಲ.

ಐರಿಷರು ಇದಕ್ಕೆ ಹೊರತೆಂದು ತಿಳಿಯಬೇಡಿ. ನಮ್ಮ ಪಕ್ಕದ ಮನೆಯ ಡೋನಲ್ ಮುದುಕನಿಗೆ ಆಸ್ಪತ್ರೆಯಿಂದ ಬಿಡುಗಡೆಯಾದ ದಿನ ಹೇಗಿದ್ದೀರಿ ಎಂದರೆ "ಅಷ್ಟೇನೂ ಕೆಟ್ಟದಾಗಿಲ್ಲ" ಎಂದ. ಹಾಗೆಂದರೆ ಅವನು ಕುಣಿಯುತ್ತಿದ್ದಾನೆ ಎಂದರ್ಥ. ಬಿಸಿಲು ಬಿದ್ದರೆ ಆಕಾಶವನ್ನು ಅನುಮಾನದಿಂದ ನೋಡಿ "ಇದಕ್ಕೆ ಮುಂದೆ ಅನುಭವಿಸ್ತೀವಿ ನೋಡು" ಎನ್ನುತ್ತಾನೆ. ಇಂಥ ಊರಿನಲ್ಲಿ, ಇಂಥ ಜನಗಳ ಕೈಯಲ್ಲಿ ದಿನಕ್ಕೆ ಮೂರು ಸಂತೋಷ ಹೇಳಿಸಲು ಹೊರಟಿದ್ದಳಲ್ಲ, ನೀವ್ ಧೈರ್ಯಸ್ಥೆ.

ಮೂರನೇ ವಾರ ಅವಳು, ಬಾಲ್ಯದ ಒಂದು ಸವಿನೆನಪನ್ನು ನಿಮ್ಮ ನಿಮ್ಮ ಮಾತೃಭಾಷೆಯಲ್ಲೇ ಹೇಳಿ ಎಂದಳು. ನನ್ನ ಸರದಿ ಬಂದಾಗ ಬೇರೆ ದಾರಿ ಕಾಣದೆ ಕೊಂಕಣಿಯಲ್ಲಿ ಶುರುಮಾಡಿದೆ. ನಡುವೆ ಮೇಜು, ಕಿಟಕಿಗೆ ಜನೆಲ್ ಎಂದು ಪೋರ್ಚುಗೀಸ್ ವಾಸನೆಯ ಪದಗಳನ್ನು ಒತ್ತಿ ಒತ್ತಿ ಹೇಳಿದೆ. ಎಲ್ಲರೂ ಕಣ್ಣರಳಿಸಿ ಕೇಳಿದರು. ಮಾಂಸದ ಕಾರ್ಖಾನೆಯಲ್ಲಿ ಕೆಲಸ ಮಾಡುವ ಬ್ರೆಜಿಲಿನವನೊಬ್ಬ ಚಪ್ಪಾಳೆಯನ್ನೂ ತಟ್ಟಿದ. ಮರುದಿನ ಬೆಳಿಗ್ಗೆ ಕೊನ್ಸುವೆಲೊ, "ಅದು ಯಾವ ದೇಶದ ಸ್ಪ್ಯಾನಿಷ್?" ಎಂದರು.

"ಮಂಗಳೂರಿನದು" ಎಂದೆ.

"ಅದು ಪೆರುವಿನ ಯಾವ ಭಾಗ?"

ಇನ್ನು ತಡೆಯಲಾಗಲಿಲ್ಲ. ಪಾದ್ರಿ, ಹೆಸರು, ರಿಸೆಪ್ಷನಿಸ್ಟ್, ಬಿಪಿ ಯಂತ್ರ, ಎಲ್ಲವನ್ನೂ ಹೇಳಿದೆ. "ನಾನು ನಿನ್ನನ್ನ ಪೆರುವಿನವನು ಅಂದ್ಕೊಂಡಿದ್ದೆ. ಇರ್ಲಿ. ನೀವ್‌ಗೆ ಹೇಳು. ನಾಳೆ ಏಳೂವರೆಗೆ ಫೋನ್ ಮಾಡೋದು ಮಾತ್ರ ಮರೀಬೇಡ" ಎಂದರು.

ನೀವ್‌ಗೆ ಹೇಳಿದೆ. ಪಾಪದ ಹುಡುಗಿ ಸ್ವಲ್ಪ ಹೊತ್ತು ಹಣೆ ಹಿಡಿದುಕೊಂಡಳು. ಬ್ರೆಜಿಲಿನವನ ಭಾಷೆ ಪೋರ್ಚುಗೀಸ್ ಎಂಬುದು ಅವಳಿಗೆ ಹಿಂದಿನ ದಿನವಷ್ಟೇ ಹೊಳೆದಿತ್ತಂತೆ. ಕೊನೆಗೆ, "ಯೂ ಆರ್ ಗ್ರಾಂಡ್, ಲಾರೆನ್ಸ್, ಪರವಾಗಿಲ್ಲ ಬಿಡಿ. ನಿಮ್ಮ ಬಿಪಿಯನ್ನ ನಾವು ಲೆಕ್ಕಕ್ಕೆ ತಗೊಳ್ಳಲ್ಲ, ಆದ್ರೆ ಜೊತೆಗಾರರಾಗಿ ಇದ್ದುಬಿಡಿ" ಎಂದಳು. ನನ್ನ ಬಿಪಿಯನ್ನು ಯಾರೂ ಲೆಕ್ಕಕ್ಕೆ ತೆಗೆದುಕೊಳ್ಳುವುದಿಲ್ಲ ಎಂದು ತಿಳಿದ ಮಾರನೆಯ ದಿನವೇ ಅದು ಆರು ಇಳಿಯಿತು. ಜೆಸ್ಸಿಗೆ ಹೇಳಿದರೆ, "ಕಣ್ಣು ತಪ್ಪಿದ್ದೇ ತಡ, ಅದಕ್ಕೂ ನಿಮ್ಮ ಥರಾನೇ ಬುದ್ಧಿ" ಎಂದಳು.

ಆದರೆ ಕೊನ್ಸುವೆಲೊ ಅವರದು ಕದಲಲಿಲ್ಲ. ನಾಲ್ಕು ವಾರ ಉಳಿದಿತ್ತು. ನನಗೆ ನಿಜಕ್ಕೂ ಭಯವಾಗತೊಡಗಿತು. ಕಾರ್ಖಾನೆಯಲ್ಲಿ ಮಾತ್ರೆಗಳನ್ನು ಎದುರಿಗಿಟ್ಟುಕೊಂಡು, ನೀವಾದರೂ ಏನಾದರೂ ಮಾಡಿರಯ್ಯಾ ಎನ್ನುತ್ತಿದ್ದೆ.

ಒಂದು ಬೆಳಿಗ್ಗೆ ಅವರು ರೇಗಿಕೊಂಡೇ ಫೋನ್ ತೆಗೆದರು. "ಒಳ್ಳೇದಂತೆ, ಒಳ್ಳೇದು! ಏನಿದೆ ಇಲ್ಲಿ? ಈ ಮಗು ಕಿರುಚಿದ್ರೆ ನಾಲ್ಕು ಮನೆ ಆಚೆಗೆ ಕೇಳುತ್ತೆ. ಮುಷ್ಟಿ ಹಿಡಿದ್ರೆ ನನ್ನ ಕೂದಲು ಬಿಡಲ್ಲ. ಹಾಲು ಎಷ್ಟಿದ್ರೂ ಸಾಲಲ್ಲ."

ಮಗು ಗಟ್ಟಿಮುಟ್ಟಾಗಿದೆ ಎಂದು ನನಗೆ ಅರ್ಥವಾಯಿತು. ಹೇಳಲು ಬಾಯಿ ತೆರೆದವನು ಥಟ್ಟನೆ ಮುಚ್ಚಿದೆ. ಬದಲಿಗೆ, "ಅಯ್ಯೋ, ನಿಮ್ಮದೊಂದು ಕಷ್ಟವೇ? ಪಕ್ಕದ ಮನೆಯ ಡೋನಲ್ ದಿನಾ ಬಕೆಟ್ ತುಂಬ ಬಂಗುಡೆ ತಂದಿಡ್ತಾನೆ. ತಿಂದು ತಿಂದು ಸಾಕಾಯ್ತು. ಜೆಸ್ಸಿ ಬೇರೆ ಹಳೇ ಹಾಡು ಹೇಳಿಕೊಂಡು ಹುರೀತಾಳೆ, ಕಿವಿ ಮುಚ್ಚಿಕೊಳ್ಳುವ ಹಾಗಿಲ್ಲ" ಎಂದೆ.

ಅವರು ನಕ್ಕುಬಿಟ್ಟರು. ಎಂಥ ನಗು ಅಂತೀರಿ, ಹೊಟ್ಟೆಯೊಳಗಿನಿಂದ ಬಂದದ್ದು. ಅಂದಿನಿಂದ ನಮ್ಮ ಗೋಳಾಟ ಶುರುವಾಯಿತು. ಮಗಳು ಕೆಲಸಕ್ಕೆ ಹೋಗುವ ಮುಂಚೆ ಕಾಫಿ ಮಾಡಿಟ್ಟು ತಲೆ ತಿನ್ನುತ್ತಾಳೆ. ಅಳಿಯನ ಡ್ರಮ್ ತಾಳಕ್ಕೆ ಸರಿಯಾಗಿ ಬೀಳತೊಡಗಿದೆ, ಇನ್ನು ಬೈಯುವುದಕ್ಕೂ ಕಾರಣವಿಲ್ಲ. ಬಿಸಿಲು ಸೀದಾ ಕಣ್ಣಿಗೇ ಬಡಿಯುತ್ತದೆ. ದಿನಕ್ಕೆ ಮೂರೇಕೆ, ಇಬ್ಬರೂ ಹದಿನೈದು ಇಪ್ಪತ್ತು ದೂರು ಒದರಿ ಹಗುರಾಗುತ್ತಿದ್ದೆವು. ಕೇಳಿಸಿಕೊಳ್ಳುತ್ತಿದ್ದ ದೃಷ್ಟಿದೇವತೆ, ಇವರಷ್ಟು ನತದೃಷ್ಟರಿಲ್ಲ ಎಂದು ಮರುಗಿ ಮುಂದಿನ ಬೀದಿಗೆ ಹೋಗಿರಬೇಕು. ನೀವ್ ಒಂದು ದಿನ ನಮ್ಮ ಮಾತನ್ನು ಕೇಳಿ ಕಂಗಾಲಾದಳು. ಕೊನ್ಸುವೆಲೊ ಅವರ ಅಂಕಿಗಳನ್ನು ನೋಡಿ ಸುಮ್ಮನಾದಳು. ಮೊದಲ ಬಾರಿಗೆ ಅವು ಮೆಟ್ಟಿಲು ಇಳಿಯುತ್ತಿದ್ದವು.

ಗೋಳಿನಿಂದಲೋ, ಹೊಸ ಮಾತ್ರೆಯಿಂದಲೋ, ದಿನಾ ಏಳೂವರೆಗೆ ಯಾರೋ ಒಬ್ಬರು ಫೋನ್ ಮಾಡುತ್ತಾರೆ ಎಂಬುದರಿಂದಲೋ, ನನಗೆ ಗೊತ್ತಿಲ್ಲ. ನಾನು ಪ್ರಯೋಗಾಲಯದವನು, ಗೊತ್ತಿಲ್ಲದ್ದನ್ನು ಗೊತ್ತಿಲ್ಲ ಎಂದೇ ಬರೆಯಬೇಕು.

ಎಂಟನೇ ವಾರ ಅವರು ಆಸ್ಪತ್ರೆಗೆ ಹೋದರು. ಅಂದು ನಾನು ಕಾರ್ಖಾನೆಯಲ್ಲಿ ಒಂದೇ ಮಾತ್ರೆಯನ್ನು ಮೂರು ಸಲ ತೂಗಿದೆ. ಮಧ್ಯಾಹ್ನ ಅವರ ಮಗಳ ಸಂದೇಶ ಬಂತು: ಬಿಪಿ ಸರಿಯಿದೆ, ಒಳಗೆ ಕರೆದುಕೊಂಡು ಹೋದರು. ಗೋಡೆಗೆ ಮುಖ ಮಾಡಿ ನಿಂತು ಅತ್ತೆ. ಮಾಸ್ಕ್ ಇದ್ದದ್ದು ಅನುಕೂಲವಾಯಿತು.

ಎರಡು ದಿನ ಕಳೆದು, ಒಂದು ಕಣ್ಣಿನ ಪಟ್ಟಿ ಬಿಚ್ಚಿದ ಮೇಲೆ ಅವರ ಫೋನ್ ಬಂತು. ಹಲೋ ಎಂದೆ. ಹಿಂದೆ ಮಗುವಿನ ಕೂಗು.

"ನೋಡಿದ್ರಾ?" ಎಂದೆ.

"ನೋಡ್ದೆ. ಮೂಗು ಅವ್ರದ್ದೇ. ಪೂರಾ ಅವ್ರದ್ದೇ. ಲಾರೆನ್ಸ್, ಅರವತ್ತಮೂರು ವರ್ಷದಲ್ಲಿ ಇಷ್ಟು ಕುರೂಪಿ ಮಗೂನ ನಾನು ಎಲ್ಲೂ ನೋಡಿಲ್ಲ."

ನಾನೂ ನಮ್ಮ ಗೋಳಾಟದ ಪದ್ಧತಿಯಂತೆ ಆಡಬೇಕಾದ ಮಾತನ್ನೇ ಆಡಿದೆ: "ಅಯ್ಯೋ ಪಾಪ. ಬೇಗ ಇನ್ನೊಂದು ಕಣ್ಣನ್ನೂ ಮಾಡಿಸಿಬಿಡಿ. ಎರಡೂ ಕಣ್ಣಿಂದ ನೋಡಿ ಸಂಕಟಪಡಬಹುದು."