ಜಮಖಾನೆಯ ಜತೆ ನನ್ನ ಜಗಳ

ಯಾರ ಮನೆಗೆ ಹೋದರೂ ನಾನು ಮೊದಲು ನೋಡುವುದು ಮನೆಯವರ ಮುಖವನ್ನಲ್ಲ, ನೆಲದ ಮೇಲೆ ಏನು ಹಾಸಿದ್ದಾರೆ ಎಂಬುದನ್ನು. ಗೌರವಕ್ಕೆಂದು ಯಾರಾದರೂ ದಪ್ಪ ಜಮಖಾನೆ ಬಿಡಿಸತೊಡಗಿದರೆ ಬೇಡವೇ ಬೇಡ ಎನ್ನುತ್ತೇನೆ. ಇದನ್ನು ಸೊಕ್ಕು ಎಂದವರಿದ್ದಾರೆ, ವಿನಯ ಎಂದವರೂ ಇದ್ದಾರೆ. ಓದುಗರೇ, ನಿಮಗೂ ನಿಜ ಹೇಳಿಬಿಡುತ್ತೇನೆ. ನಾನು ತಬಲಾ ನುಡಿಸಿ ಹೊಟ್ಟೆ ಹೊರೆಯುವವನು, ಮತ್ತು ನನಗೆ ಕಿವಿ ಕೇಳಿಸುವುದಿಲ್ಲ.

ಇಳಕಲ್ಲಿನ ನೇಕಾರರ ಮನೆಯಲ್ಲಿ ಹುಟ್ಟಿ, ಮಗ್ಗದ ಸದ್ದಿಗೆ ತಾಳ ಹಾಕುತ್ತ ಬೆಳೆದು, ಬಾಗಲಕೋಟೆಯ ಗುರುಗಳ ಬಳಿ ಎಂಟು ವರ್ಷ ತಬಲಾ ಕಲಿತು, ಇನ್ನೇನು ನಾಲ್ಕು ಜನ ಕರೆಯತೊಡಗಿದರು ಎನ್ನುವಾಗ ವಿಷಮಜ್ವರ ಬಂತು. ಹೋಗುವಾಗ ಎರಡೂ ಕಿವಿಗಳನ್ನು ಜತೆಗೆ ಕರೆದೊಯ್ದಿತು. ಬಹುಶ್ರುತನಾಗಲು ಹೊರಟವನು ಅಶ್ರುತನಾದೆ. ಸುಳ್ಳೇಕೆ, ತಿಂಗಳುಗಟ್ಟಲೆ ಅತ್ತೆ. ಆಮೇಲೊಂದು ದಿನ ಅಟ್ಟದ ಹಲಗೆಯ ಮೇಲೆ ಕುಳಿತು ಬೇಸರಕ್ಕೆ ತಬಲಾದ ಮೇಲೆ ಬೆರಳಾಡಿಸಿದಾಗ 'ಧಾ' ಎಂಬುದು ತೊಡೆಯೊಳಗೆ ಕೇಳಿಸಿತು! ಕಟ್ಟಿಗೆ ಮಾತಾಡುತ್ತದೆ, ನಮ್ಮ ಸೀಮೆಯ ಕಲ್ಲು ಮೌನಿ, ಜಮಖಾನೆಯಂತೂ ಬಲು ಹೊಟ್ಟೆಬಾಕ, ಬಂದದ್ದನ್ನೆಲ್ಲ ತಾನೇ ನುಂಗಿಕೊಳ್ಳುತ್ತದೆ.

ಹೀಗೆ ಲಯಕ್ಕೆ ತೊಡೆ, ಹಾಡಿಗೆ ಗಾಯಕರ ಕೈಯನ್ನೂ ಕೊರಳನ್ನೂ ನೋಡುವ ಕಣ್ಣು, ಶ್ರುತಿಗೆ ಹಾರ್ಮೋನಿಯಂ ಸಂಗಪ್ಪನ ಹುಬ್ಬು: ಮೇಲೆದ್ದರೆ ಏರಿಸು, ಕೆಳಗಾದರೆ ಇಳಿಸು. ಈ ಗುಟ್ಟು ಅವನನ್ನೂ ನನ್ನ ಹೆಂಡತಿಯನ್ನೂ ಬಿಟ್ಟು ಯಾರಿಗೂ ಗೊತ್ತಿರಲಿಲ್ಲ. ಗೊತ್ತಾದರೆ ಕಿವುಡ ತಬಲಜಿಯನ್ನು ಯಾರು ಕರೆದಾರು? ಮಾತನ್ನು ತುಟಿ ನೋಡಿ ಓದಿಕೊಳ್ಳುತ್ತಿದ್ದೆ. ಆದರೆ ತುಟಿಗೆ ಪಕಾರ ಮಕಾರಗಳ ಭೇದವಿಲ್ಲ. ಹುನಗುಂದದ ಯಜಮಾನರೊಬ್ಬರು "ಪಾನ ಬೇಕೇನ್ರಿ?" ಎಂದು ಎಲೆಯಡಿಕೆಗೆ ಉಪಚರಿಸಿದ್ದನ್ನು 'ಮಾನ ಬೇಕೇನ್ರಿ' ಎಂದು ಓದಿಕೊಂಡು, "ನಿಮಗ ಬ್ಯಾಡೇನ್ರಿ?" ಎಂದು ಸಿಡುಕಿದ್ದೆ. ಅವರು ಶಾಂತವಾಗಿ "ನಂದು ಬಾಯಾಗ ಐತ್ರಿ" ಎಂದರಂತೆ. ಸಂಗಪ್ಪ ಇವತ್ತಿಗೂ ನೆನೆಸಿಕೊಂಡು ನಗುತ್ತಾನೆ.

ಗುಟ್ಟು ಒಡೆದದ್ದು ಎಪ್ಪತ್ತರ ದಶಕದ ಕೊನೆಯಲ್ಲಿ, ಬಾದಾಮಿಯಲ್ಲಿ. ಅಂದು ಹಾಡುವವರು, ಎಲ್ಲರೂ ಬಾಯಿಯವರು ಎಂದೇ ಕರೆಯುತ್ತಿದ್ದ ಹಿರಿಯ ಗಾಯಕಿ. ಅವರಿಗೆ ಒಪ್ಪಿಗೆಯಾದ ತಬಲಜಿಗೆ ಧಾರವಾಡದ ತನಕ ದಾರಿ ತೆರೆಯುತ್ತಿತ್ತು, ಬೇಡವಾದವನಿಗೆ ಮಗ್ಗವೇ ಗತಿ. ವೇದಿಕೆ ಹತ್ತಿ ನೋಡುತ್ತೇನೆ, ಹಲಗೆಯ ಮೇಲೆ ಗಾದಿ, ಗಾದಿಯ ಮೇಲೆ ಹೊಚ್ಚ ಹೊಸ ಜಮಖಾನೆ! ತೆಗೆಸಿ ಎಂದೆ. ಕಛೇರಿ ಏರ್ಪಡಿಸಿದ್ದ ಸಂಘದ ಕಾರ್ಯದರ್ಶಿಗಳ ಮುಖ ಕೆಂಪಾಯಿತು.

"ನಿಮ್ಮ ಸಲವಾಗೇ ತರಿಸೇವಲ್ರಿ ಮಾಸ್ತರ! ನಮ್ಮ ಮರ್ಯಾದಿ ತೆಗೀಬ್ಯಾಡ್ರಿ."

ಬಾಯಿಯವರು ತಿರುಗಿ ನೋಡಿದರು. "ಯಾಕ್ರಿ, ಏನಾತು?"

ಇಂಥ ಹೊತ್ತಿಗೆಂದು ಕೂಡಿಟ್ಟುಕೊಂಡಿದ್ದ ಸುಳ್ಳುಗಳಲ್ಲಿ ಒಂದೂ ಒದಗಲಿಲ್ಲ. "ನನಗ ಕಿವಿ ಕೇಳಂಗಿಲ್ರಿ ಬಾಯಾರ. ಬರೇ ಕಟಗಿ ಮ್ಯಾಲ ಕೂತ್ರ ತಿಳೀತೈತ್ರಿ" ಎಂದುಬಿಟ್ಟೆ. ಸಂಗಪ್ಪನ ಹುಬ್ಬು ಯಾವ ತಬಲಾವೂ ಮುಟ್ಟದ ಶ್ರುತಿಗೆ ಏರಿತು.

ಬಾಯಿಯವರು ಒಂದೊಂದು ಅಕ್ಷರವನ್ನೂ ಬಿಡಿಸಿ ಹೇಳಿದರು: "ನನ್ನ ಹಾಡು ಕೇಳಲಾರದಂಗ ತಬಲಾ ಬಾರಿಸೋ ಮಂದೀನ ಭಾಳ ನೋಡೇನಿ. ಖರೆ ಹೇಳಿದವ್ರು ನೀವೊಬ್ರ."

ಹೇಳಿದವರೇ ಎದ್ದು ಜಮಖಾನೆಯ ತುದಿ ಹಿಡಿದು ಸುತ್ತತೊಡಗಿದರು. ಗಾದಿಯನ್ನೂ ಸರಿಸಿ, ಬರಿಯ ಹಲಗೆಯ ಮೇಲೆ ಕುಳಿತು, ತಾಳದ ಆವರ್ತ ಮುಗಿದು ಸಮ ಬಂದಾಗಲೆಲ್ಲ ಅಂಗೈಯಿಂದ ಹಲಗೆ ತಟ್ಟುತ್ತ ಹಾಡಿದರು. ಮುಚ್ಚಿಡುವ ಕೆಲಸವೊಂದು ತಪ್ಪಿದ್ದರಿಂದಲೋ ಏನೋ, ಕೈಗಳು ಅಷ್ಟು ಹಗುರಾಗಿ ಹಿಂದೆಂದೂ ಓಡಿರಲಿಲ್ಲ. ನನಗೆ ಬಹಳ ಸಂತೋಷವಾಯಿತು. ಮುಂದೆ 'ಕಿವುಡ ಮಾಸ್ತರ' ಎಂಬ ಬಿರುದಿನೊಡನೆ ಕರೆಗಳು ಹೆಚ್ಚಿದವು, ಬಾಯಿಯವರಂತೂ ಹತ್ತು ವರ್ಷ ನನ್ನನ್ನು ಬಿಡಲಿಲ್ಲ.

ಆ ಕಾರ್ಯದರ್ಶಿಗಳೂ ಹಟಮಾರಿ. ಮರುದಿನ ಬಸ್ಸಿನ ಮೇಲೆ ಆ ಜಮಖಾನೆಯನ್ನೇ ಹೇರಿಸಿ, "ನಿಮ್ಮ ಸಲವಾಗಿ ತಂದದ್ದು, ನೀವ ಒಯ್ಯಿರಿ" ಎಂದರು. ಈಗ ಅದು ನಮ್ಮ ಅಟ್ಟದಲ್ಲಿದೆ. ಊಟವಾದ ಮೇಲೆ ಅದನ್ನು ಹಲಗೆಯ ಮೇಲೆ ಹಾಸಿ ಮಲಗುತ್ತೇನೆ. ಕೆಳಗೆ ಮಗ್ಗ ಬಡಿಯುತ್ತಿರುತ್ತದೆ, ಹೆಂಡತಿ ಮೆಟ್ಟಿಲು ಕುಟ್ಟಿ ಕರೆಯುತ್ತಿರುತ್ತಾಳಂತೆ. ಇಡೀ ದಿನದಲ್ಲಿ ಆ ಒಂದು ತಾಸು ಮಾತ್ರ ನಾನು ಕಿವುಡ.