ಬೆಲ್ಟಿನ ಸದ್ದು

ಶೇಡಬಾಳದ ಮಲಕಾರಿ ಕುರಿ ಕಾಯುವ ಮನೆತನದಲ್ಲಿ ಹುಟ್ಟಿ, ಮಿರಜದ ಗ್ಯಾರೇಜೊಂದರಲ್ಲಿ ಕೆಲಸ ಕಲಿತು, ನನ್ನ ಹಿಟ್ಟಿನ ಗಿರಣಿಯ ಪಕ್ಕದಲ್ಲೇ ತಗಡಿನ ಶೆಡ್ಡು ಹಾಕಿಕೊಂಡವನು. ಇಪ್ಪತ್ತು ವರ್ಷಗಳಲ್ಲಿ ಅವನು ಸುಳ್ಳು ಹೇಳಿದ್ದನ್ನು ನಾನು ಕೇಳಿದ್ದು ಒಂದೇ ಸಲ. ಆಗ ನಾನೂ ಪಕ್ಕದಲ್ಲೇ ನಿಂತಿದ್ದೆ, ಬಾಯಿ ಮುಚ್ಚಿಕೊಂಡು. ನೆನೆದರೆ ಈಗಲೂ ನಾಚಿಕೆಯಾಗುತ್ತದೆ.

ನಮ್ಮ ಓಣಿಯ ಜೈನರ ಮನೆಯ ಬಾಪುಸಾಹೇಬರು ತೀರಿಕೊಂಡ ಮೇಲೆ ಅವರ ಬಿಳಿ ಕಾರು ಐದು ವರ್ಷ ದನದ ಕೊಟ್ಟಿಗೆಯ ಮಗ್ಗುಲಲ್ಲಿ ತಾಡಪತ್ರಿ ಹೊದ್ದು ನಿಂತಿತ್ತು. ಅವರ ಹೆಂಡತಿ ಚಂದ್ರಮತಿ ಅಕ್ಕನಿಗೆ ಒಂದೇ ಆಸೆ: ಅದೇ ಕಾರಿನಲ್ಲಿ ಒಮ್ಮೆ ಕುಂಭೋಜದ ಬಾಹುಬಲಿಯ ದರ್ಶನಕ್ಕೆ ಹೋಗಬೇಕು. ಇವತ್ತು ನಾಳೆ ಎನ್ನುತ್ತಲೇ ಗಂಡ ಹೋಗಿಬಿಟ್ಟಿದ್ದರು. ಅಕ್ಕ ಮಲಕಾರಿಯನ್ನು ಕರೆಸಿದರು; ಕೈಗೊಬ್ಬರು ಇರಲಿ ಎಂದು ಅವನು ನನ್ನನ್ನೂ ಎಳೆದುಕೊಂಡು ಹೋದ.

ನೀರು ಸೋಸಿದ ಅರಿವೆಯನ್ನು ಅದೇ ಬಾವಿಯ ನೀರಿನಲ್ಲಿ ಜಾಲಾಡಿಸುವ ಹೆಂಗಸು ಆಕೆ. ಅರಿವೆಯಲ್ಲಿ ಉಳಿದ ಹುಳವೂ ಸಾಯಬಾರದು.

"ಮಲಕಾರಿ, ಚಾಲೂ ಮಾಡೂ ಮೊದಲ ಒಳಗ ಯಾವ್ದರ ಜೀವ ಐತೇನು ಎಲ್ಲಾ ಬಿಚ್ಚಿ ನೋಡಪಾ," ಎಂದರು.

ಎರಡು ದಿನ ದುಡಿದ ಮಹಾರಾಯ. ಹೊಸ ಬ್ಯಾಟರಿ ಕೂರಿಸಿದ, ಹಳೇ ಪೆಟ್ರೋಲು ತೆಗೆದ, ಆಯಿಲ್ ಬದಲಿಸಿದ, ಪ್ಲಗ್ಗು ಉಜ್ಜಿದ. ಡ್ಯಾಶ್‌ಬೋರ್ಡಿನ ಹಿಂದಿನ ಗಾಳಿ ಬೀಸುವ ಫ್ಯಾನು ಮಾತ್ರ ಉಳಿಯಿತು. ಅದನ್ನು ಬಿಚ್ಚಲು ಅಂಗಾತ ಮಲಗಿ ಒಂದು ತಾಸು ಒದ್ದಾಡಬೇಕು. ಬೇಸರ ಬಂದು ಬಿಟ್ಟುಬಿಟ್ಟ.

"ಎಲ್ಲಾ ನೋಡಿದೇನಪಾ?"

"ನೋಡೇನ್ರಿ ಅಕ್ಕಾರ. ಏನೂ ಇಲ್ಲ."

ಕೀಲಿ ತಿರುಗಿಸಿದ. ಬಾಪುಸಾಹೇಬರು ಕೊನೆಯ ಬೇಸಿಗೆಯಲ್ಲಿ ಫ್ಯಾನಿನ ಗುಂಡಿಯನ್ನು ಮೂರಕ್ಕೆ ಇಟ್ಟಿದ್ದು ಹಾಗೇ ಇತ್ತು. ಎಂಜಿನ್ನಿಗಿಂತ ಮೊದಲು ಫ್ಯಾನು ತಿರುಗಿತು. ಒಳಗಿನಿಂದ ಚೀಂ ಎಂದು ಸಣ್ಣ ದನಿ ಬಂತು. ಮಲಕಾರಿ ಗಕ್ಕನೆ ಕೀಲಿ ಹಿಂದಕ್ಕೆ ತಿರುಗಿಸಿದ.

ಅರಿಷಿಣ ಕುಂಕುಮದ ತಟ್ಟೆ ಹಿಡಿದು ನಿಂತಿದ್ದ ಅಕ್ಕ, "ಏನಪಾ ಅದು?" ಎಂದರು.

"ಬೆಲ್ಟ್ ರೀ. ಒಣಗೈತಿ."

ಅಕ್ಕ ತಲೆಯಾಡಿಸಿದರು. ಹೊತ್ತು ಮುಳುಗುವ ಮೊದಲೇ ಉಣ್ಣುವವರು, ಊಟಕ್ಕೆ ಒಳಗೆ ಹೋದರು. ಆಗ ಮಲಕಾರಿ ಫ್ಯಾನು ಬಿಚ್ಚಿದ. ಕೌದಿಯ ಚಿಂದಿಯ ಗೂಡಿನಲ್ಲಿ ಕೂದಲಿಲ್ಲದ ಮೂರು ಇಲಿಮರಿಗಳು. ಮೂರೂ ಸತ್ತಿದ್ದವು. ಆಯಿಲ್ ಒರೆಸುವ ಬಟ್ಟೆಯಲ್ಲಿ ಸುತ್ತಿ ಜೇಬಿಗೆ ಹಾಕಿಕೊಂಡು ನನ್ನ ಮುಖ ನೋಡಿದ. ನಾನು ಗೋಡೆ ನೋಡಿದೆ.

ಮರುದಿನ ಅಕ್ಕನ ಮೈದುನನ ಮಗ ಸುಹಾಸ ಕಾರು ಓಡಿಸಿದ. ಅಕ್ಕ ಕುಂಭೋಜಕ್ಕೆ ಹೋಗಿ ಬಂದರು. ಬಂದವರೇ ಓಣಿ ತುಂಬ ಹೇಳಿದರು, "ಒಂದ ಜೀವಾನೂ ಸಾಯದಂಗ ಗಾಡಿ ಚಾಲೂ ಮಾಡ್ಯಾನ ನಮ್ಮ ಮಲಕಾರಿ." ಜೈನರ ಮನೆಗಳಿಂದ ಅವನಿಗೆ ಕರೆ ಬರತೊಡಗಿತು. ಹೊಗಳಿದಷ್ಟೂ ಅವನು ಕುಗ್ಗಿದ. ಯಾರ ಕಾರೇ ಬರಲಿ, ಮೊದಲು ಫ್ಯಾನು ಬಿಚ್ಚುತ್ತಿದ್ದ. ಜನ ಅದನ್ನೂ ಹೊಗಳಿದರು.

ತಿಂಗಳಾದ ಮೇಲೆ, "ನೀನೂ ಇದ್ದಿ, ನಡಿ," ಎಂದು ನನ್ನನ್ನು ಅಕ್ಕನ ಮನೆಗೆ ಎಳೆದೊಯ್ದ. ಅಂಗಳದಲ್ಲಿ ನಿಂತು, ನೆಲ ನೋಡುತ್ತ ಹೇಳಿದ:

"ಅಕ್ಕಾರ, ಆವತ್ತ ಬೆಲ್ಟ್ ಅಲ್ರಿ ಅದು. ಇಲಿಮರಿ. ಫ್ಯಾನ್ ನಾ ಬಿಚ್ಚಿ ನೋಡಿರಲಿಲ್ಲ."

ಅಕ್ಕ ಅಕ್ಕಿ ಆರಿಸುತ್ತಿದ್ದ ಮೊರ ಕೆಳಗಿಟ್ಟರು.

"ನನಗ ಗೊತ್ತಿತ್ತಪಾ. ನನ್ನ ಮನ್ಯಾಗಿನ ಇಲಿ ದನಿ ನನಗ ತಿಳಿಯಂಗಿಲ್ಲೇನು? ಮತ್ತೊಮ್ಮೆ ಕೇಳಿದ್ರ ನೀ ಖರೇ ಹೇಳತಿದ್ದಿ. ಆಮ್ಯಾಲ ಆ ಗಾಡ್ಯಾಗ ನನಗ ಹೋಗಾಕ ಆಗತಿರಲಿಲ್ಲ. ಅದಕ್ಕ ಕೇಳಲಿಲ್ಲ."

"ಮತ್ತ ಊರ ತುಂಬ ನನ್ನ ಹೊಗಳಿದ್ರಲ್ರಿ?"

"ಹೇಳಿ ಹೇಳಿ ಒಂದಿನ ನಾನೂ ಅದನ್ನ ನಂಬತೇನಿ ಅಂತ ತಿಳಕೊಂಡಿದ್ದೆ," ಎಂದರು ಅಕ್ಕ, ಸೆರಗಿನಿಂದ ಮುಖ ಮುಚ್ಚಿಕೊಂಡು.