ಒಂದೇ ಉತ್ತರದ ಪ್ರಶ್ನೆ

ನಾನು ನೆಲೆಸಿದ್ದ ದೇಶ ಇರಾಕ್ ಮೇಲೆ ಯುದ್ಧ ಆರಂಭಿಸಿದ ವಸಂತದಲ್ಲಿಯೇ ಆ ದೇಶದ ಪೌರತ್ವಕ್ಕೆ ನನ್ನ ಸಂದರ್ಶನ ಬಂತು. ಎವರೆಟ್‌ನ ವಿಮಾನ ಕಾರ್ಖಾನೆಯಲ್ಲಿ ರೆಕ್ಕೆಗಳಿಗೆ ರಿವೆಟ್ ಮೊಳೆ ಹೊಡೆದು ನಿವೃತ್ತನಾದವನು ನಾನು. ಭಾರತದ ಪಾಸ್‌ಪೋರ್ಟ್ ಬಿಡಲು ಅಷ್ಟು ವರ್ಷವೂ ಒಪ್ಪಿರಲಿಲ್ಲ. ತುಮಕೂರಿನಲ್ಲಿದ್ದ ತಂಗಿಯ ಗಂಡ ತೀರಿಕೊಂಡ ಮೇಲೆ ಹಠ ಸಡಿಲವಾಯಿತು. ಒಡಹುಟ್ಟಿದವರನ್ನು ಕರೆಸಿಕೊಳ್ಳುವ ಅರ್ಜಿಯನ್ನು ಪೌರನಾದವನು ಮಾತ್ರ ಹಾಕಬಹುದು. ಹಾಕಿದ ಮೇಲೂ ವರ್ಷಗಟ್ಟಲೆ ಕಾಯಬೇಕು. ನಮ್ಮಿಬ್ಬರಿಗೂ ಅರವತ್ತು ದಾಟಿತ್ತು.

ಸಂದರ್ಶನದಲ್ಲಿ ನಡೆಸುವ ಪರೀಕ್ಷೆಗೆಂದು ಕೊಡುವ ಪ್ರಶ್ನೋತ್ತರಗಳ ಪಟ್ಟಿಯನ್ನು ಎಲ್ಲರೂ ಬಾಯಿಪಾಠ ಮಾಡುತ್ತಾರೆ. ನಾನು ಗ್ರಂಥಾಲಯದಲ್ಲಿ ಕುಳಿತು ಒಂದೊಂದು ಉತ್ತರವನ್ನೂ ಮೂಲದೊಡನೆ ತಾಳೆ ನೋಡಿದೆ. ಕಾರ್ಖಾನೆಯಲ್ಲಿಯೂ ಇನ್ನೊಬ್ಬ ಅಳೆದ ರಂಧ್ರವನ್ನು ನಾನೇ ಮತ್ತೊಮ್ಮೆ ಅಳೆಯದೆ ರಿವೆಟ್ ಹಾಕಿದವನಲ್ಲ. "ದೇಶದ ಪರಮೋಚ್ಚ ಕಾನೂನು ಯಾವುದು?" ಎಂಬುದಕ್ಕೆ ಪಟ್ಟಿಯ ಉತ್ತರ: ಸಂವಿಧಾನ. ಆದರೆ ಆ ಸಂವಿಧಾನದ ಆರನೆಯ ವಿಧಿಯೇ ದೇಶ ಮಾಡಿಕೊಂಡ ಅಂತರರಾಷ್ಟ್ರೀಯ ಒಪ್ಪಂದಗಳನ್ನೂ ಅದೇ ಸ್ಥಾನದಲ್ಲಿ ಇರಿಸಿದೆ. ವಿಶ್ವಸಂಸ್ಥೆಯ ಸನ್ನದು ಅಂಥದೊಂದು ಒಪ್ಪಂದ. ಆತ್ಮರಕ್ಷಣೆಗಲ್ಲದೆ, ಭದ್ರತಾ ಮಂಡಳಿಯ ಒಪ್ಪಿಗೆಯೂ ಇಲ್ಲದೆ, ಇನ್ನೊಂದು ದೇಶದ ಮೇಲೆ ಸೇನೆ ನುಗ್ಗಿಸಬಾರದೆಂದು ಅದು ಹೇಳುತ್ತದೆ. ಟೀವಿಯಲ್ಲಿ ಯುದ್ಧವನ್ನು ಸಮರ್ಥಿಸುತ್ತಿದ್ದವರಲ್ಲಿ ಆ ಪುಟ ತೆರೆದವರನ್ನು ನಾನು ಕಾಣಲಿಲ್ಲ.

ಸಂದರ್ಶನಕ್ಕೆ ನನ್ನನ್ನು ಕರೆದೊಯ್ಯಲು ಬೆಲ್ವ್ಯೂನಿಂದ ಕಾರು ಓಡಿಸಿಕೊಂಡು ಬಂದ ಮಗಳಿಗೆ ದಾರಿಯುದ್ದಕ್ಕೂ ಇದನ್ನೇ ಹೇಳಿದೆ.

"ಅಪ್ಪಾ, ಅಲ್ಲಿ ಲೆಕ್ಚರ್ ಕೊಡ್ಬೇಡಿ. ಒಂದು ವರ್ಡ್ ಹೇಳಿ, ಸುಮ್ನಾಗಿ."

"ಅದು ಅರ್ಧ ಉತ್ತರ ಕಣಮ್ಮ."

"ಅತ್ತೆ ಬರೋಕೆ ಅರ್ಧ ಸಾಕು."

ಕಿಟಕಿಯಿಲ್ಲದ ಕೋಣೆಯಲ್ಲಿ ಅಧಿಕಾರಿ ಆ ಪ್ರಶ್ನೆಯನ್ನೇ ಕೇಳಿದರು.

"ಸಂವಿಧಾನ, ಮತ್ತು ದೇಶ ಮಾಡಿಕೊಂಡ ಒಪ್ಪಂದಗಳು," ಎಂದೆ.

ಅವರ ಪೆನ್ನು ನಿಂತಿತು. "ನನ್ನ ಹಾಳೆಯಲ್ಲಿ ಒಂದೇ ಉತ್ತರವಿದೆ, ಸರ್. ನಿಮ್ಮದು ಯಾವುದು?" ಸೌಜನ್ಯದಿಂದಲೇ ಕೇಳಿದರು.

ಆರನೆಯ ವಿಧಿಯ ಪ್ರತಿ ಅಂಗಿಯ ಜೇಬಿನಲ್ಲಿತ್ತು. ಕೈ ಜೇಬಿನವರೆಗೂ ಹೋಗಿ ನಿಂತಿತು.

"ಸಂವಿಧಾನ," ಎಂದೆ. ಸರಿ ಗುರುತು ಬಿತ್ತು.

ಮುಂದಿನದು ಅರ್ಜಿಯಲ್ಲಿದ್ದ ಪ್ರಶ್ನೆ: "ಕಾನೂನು ಬಯಸಿದರೆ ಈ ದೇಶದ ಪರವಾಗಿ ಶಸ್ತ್ರ ಹಿಡಿಯುವಿರಾ?"

ಯಾವ ಕಾನೂನು ಎಂದು ಕೇಳಬೇಕಿತ್ತು. ಕೇಳುವ ಹಕ್ಕನ್ನು ಒಂದು ನಿಮಿಷದ ಹಿಂದೆ ನಾನೇ ಬಿಟ್ಟುಕೊಟ್ಟಿದ್ದೆ. ಹೌದು ಎಂದೆ.

ಹೊರಗೆ ನನ್ನ ಮುಖ ನೋಡಿ ಮಗಳು ಗಾಬರಿಯಾದಳು. "ಹೇಳೇಬಿಟ್ರಾ?"

"ಇಲ್ಲ. ಪಾಸು."

ಅವಳು ಅಲ್ಲಿಂದಲೇ ತುಮಕೂರಿಗೆ ಕಾಲ್ ಮಾಡಿ ಫೋನನ್ನು ನನ್ನ ಕೈಗಿತ್ತಳು. ಸುದ್ದಿಗೆ ಕಾದು ಕುಳಿತಿದ್ದ ತಂಗಿ ಅತ್ತಳು, ಆಮೇಲೆ ಕೇಳಿದಳು: "ತುಂಬಾ ಕಷ್ಟದ್ದು ಕೇಳಿದ್ರೇನೋ, ಅಣ್ಣಾ?"

"ಇಲ್ಲ ಕಣೇ," ಎಂದೆ. "ಎಲ್ಲಾ ಒಂದೊಂದೇ ಪದದ್ದು."